ಓದದೆ ಬಿಟ್ಟ ಏಳನೆಯ ಕಲಂ

ಮೊದಲ ಒಂಬತ್ತು ಮಂದಿಯೂ ನನಗೆ ಕೊಟ್ಟಿದ್ದು ಒಂದೇ ಉತ್ತರ. "ಎಲ್ಲಾ ಚೊಲೊ ಐತ್ರಿ ಮೇಡಮ್. ಏನೂ ತ್ರಾಸಿಲ್ಲ."

ಸೇನೆಯಿಂದ ನಿವೃತ್ತರಾದವರು ಊರಿಗೆ ಮರಳಿದ ಮೇಲೆ ಹೇಗೆ ಬದುಕು ಕಟ್ಟಿಕೊಳ್ಳುತ್ತಾರೆ ಎಂಬುದರ ಬಗ್ಗೆ ಒಂದು ವಿಶ್ವವಿದ್ಯಾಲಯ ನಡೆಸುತ್ತಿದ್ದ ಅಧ್ಯಯನಕ್ಕೆ ನಾನು ಸಂಶೋಧನಾ ಸಹಾಯಕಿಯಾಗಿ ಸೇರಿಕೊಂಡಿದ್ದೆ. ನನ್ನ ಪಿಎಚ್.ಡಿ. ಕೂಡ ಅದೇ ಸಾಮಗ್ರಿಯ ಮೇಲೆ ನಿಲ್ಲಬೇಕಿತ್ತು. ನನ್ನ ಪಾಲಿಗೆ ಬಂದದ್ದು ಬೆಳಗಾವಿ ನಗರ ಮತ್ತು ಖಾನಾಪುರ. ಓಣಿಗೊಬ್ಬರಾದರೂ ಮಿಲಿಟರಿಗೆ ಹೋಗಿ ಬಂದವರಿರುವ ಸೀಮೆ ಇದು. ಜನ ಸಿಗುವುದು ಕಷ್ಟವಾಗಲಿಲ್ಲ. ಮಾತು ಸಿಗುವುದು ಕಷ್ಟವಾಯಿತು.

ಪ್ರತಿಯೊಬ್ಬರೊಂದಿಗೆ ಮೂರು ಬೈಠಕ್ಕು. ಮೊದಲನೆಯದರಲ್ಲಿ ಬಾಲ್ಯ ಮತ್ತು ಭರ್ತಿ, ಎರಡನೆಯದರಲ್ಲಿ ಸೇವೆಯ ವರ್ಷಗಳು, ಮೂರನೆಯದರಲ್ಲಿ ಮರಳಿದ ಮೇಲಿನ ದಿನಗಳು. ಆರು ತಿಂಗಳಾದ ಮೇಲೆ ಒಂದು ಮರುಭೇಟಿ. ಮೊದಲ ದಿನ ಒಪ್ಪಿಗೆ ಪತ್ರವನ್ನು ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು. ಹತ್ತು ಕಲಂಗಳು, ಕನ್ನಡದಲ್ಲೊಂದು ಪ್ರತಿ, ಮರಾಠಿಯಲ್ಲೊಂದು. ಸಹಿಯಾದ ಕೂಡಲೇ ಅವರ ಹೆಸರು ಹೋಗಿ ಒಂದು ಸಂಖ್ಯೆ ಬರುತ್ತದೆ. ಆಮೇಲೆ ನನ್ನ ಟಿಪ್ಪಣಿಯಲ್ಲಿ, ಕಡತದಲ್ಲಿ, ಮಾರ್ಗದರ್ಶಕರ ಜೊತೆಗಿನ ಮಾತಿನಲ್ಲಿ ಅವರು ಸಂಖ್ಯೆಯೇ.

ಈ ಸಂಖ್ಯೆಗಳು ನನ್ನೆದುರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದವು. ನಾನು ಪ್ರಶ್ನೆ ಕೇಳಿದರೆ ವರದಿ ಒಪ್ಪಿಸುತ್ತಿದ್ದವು. ಭರ್ತಿಯಾದ ಊರು, ತರಬೇತಿಯ ತಿಂಗಳು, ಪೋಸ್ಟಿಂಗ್‌ಗಳ ಪಟ್ಟಿ. "ಮನೆಗೆ ಬಂದ ಮೇಲೆ ಹೇಗನಿಸಿತು?" ಅಂದರೆ, "ಚೊಲೊ ಅನಸ್ತ್ರಿ." ಮುಂದೆ? ಚಹಾ ಬರುತ್ತಿತ್ತು. ಮಾರ್ಗದರ್ಶಕರು ನಾನು ಕಳಿಸಿದ ಬರಹರೂಪದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದು ವಾಪಸು ಕಳಿಸಿದರು: "ತೆಳುವಾಗಿದೆ."

ನಾನು ಇರುತ್ತಿದ್ದುದು ವಡಗಾವಿಯಲ್ಲಿ, ಒಂದು ನೇಕಾರರ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ಎರಡು ಪವರ್‌ಲೂಮ್. ಬೆಳಿಗ್ಗೆ ಅವು ಶುರುವಾದರೆ ನೀರಿನ ಲೋಟ ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು. ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕೆಲಸ ನಾನು ಮಾಡುತ್ತಿದ್ದುದು ಕರೆಂಟು ಹೋದಾಗ. ಮಗ್ಗ ನಿಂತ ಕೂಡಲೇ ಇಡೀ ಓಣಿ ಒಮ್ಮೆಲೇ ಮೌನವಾಗುತ್ತಿತ್ತು, ನಾನು ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಕೂತು ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಒಂದು ತಾಸಿನ ಮಾತಿಗೆ ಏಳು ತಾಸಿನ ಕೆಲಸ. ಕನ್ನಡದಲ್ಲಿ ಶುರುವಾದ ವಾಕ್ಯ ಮರಾಠಿಗೆ ಹೊರಳಿ ಹಿಂದಿಯಲ್ಲಿ ಮುಗಿಯುತ್ತಿತ್ತು. ಒಂದು ಶಬ್ದಕ್ಕಾಗಿ ಹತ್ತು ಸಲ ಹಿಂದೆ ಹೋಗುತ್ತಿದ್ದೆ.

ನನ್ನೂರು ಚಿತ್ರದುರ್ಗದ ಕಡೆ. ಇಲ್ಲಿ ನಾನು ಬಾಯಿ ತೆರೆದರೆ ಸಾಕು, "ನೀವು ಮ್ಯಾಲಿನ ಕಡ್ಯಾವ್ರು ಏನ್ರಿ?" ಅನ್ನುತ್ತಿದ್ದರು. ಮನೆಯೊಡತಿ ಒಳ್ಳೆಯವರೇ, ಆದರೆ ಮಗ್ಗದ ಸದ್ದಿನಲ್ಲಿ ಮಾತು ನಿಲ್ಲುತ್ತಿರಲಿಲ್ಲ; ಕೈಸನ್ನೆಯಲ್ಲೇ ನಮ್ಮ ವ್ಯವಹಾರ. ಊಟ ಖಾನಾವಳಿಯಲ್ಲಿ, ಗೋಡೆಗೆ ಮುಖ ಮಾಡಿದ ಮೇಜಿನಲ್ಲಿ. ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ ಎಂಬುದು ಕೆಲಸದ ಮೊದಲ ನಿಯಮ. ಸಂಜೆ ಅಮ್ಮ ಫೋನ್ ಮಾಡಿ "ಇವತ್ತು ಏನ್ ಮಾಡ್ದೆ?" ಎಂದರೆ "ಕೆಲಸ" ಅನ್ನುತ್ತಿದ್ದೆ. ಕೆಲವು ದಿನ ನನ್ನ ಕಿವಿಗೆ ಬಿದ್ದ ಮನುಷ್ಯ ಸ್ವರವೆಂದರೆ ಇಯರ್‌ಫೋನಿನೊಳಗಿನದು ಮಾತ್ರ. ಅದು ನನಗೆ ಹೇಳಿದ್ದೇ ಆದರೂ, ನಾನು ಉತ್ತರ ಕೊಡುವಂತಿರಲಿಲ್ಲ.

ಹದಿನಾಲ್ಕನೆಯ ಸಂಖ್ಯೆ ಪಡೆದವರು ಖಾನಾಪುರದ ಒಬ್ಬ ನಿವೃತ್ತ ಹವಾಲ್ದಾರರು. ಮನೆ ಊರಿನ ಅಂಚಿಗೆ, ಹೊಲಕ್ಕೆ ತಾಗಿ. ಹಿತ್ತಲಿನಲ್ಲಿ ನಾಲ್ಕು ಎಮ್ಮೆ. ಒಬ್ಬಳೇ ಮಗಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಿವೃತ್ತರಾಗಿ ವರ್ಷ ಆಗಿತ್ತು.

ಮೊದಲೆರಡು ಬೈಠಕ್ಕು ಉಳಿದವರದರ ಹಾಗೆಯೇ ಹೋದವು. ಮೂರನೆಯದಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನಾನು ನನ್ನ ಪ್ರಶ್ನೆಗಳ ಹಾಳೆ ತೆಗೆದು ನೋಡಿದೆ. ಎಲ್ಲವೂ "ಹೇಗನಿಸಿತು" ಎಂದೇ ಮುಗಿಯುತ್ತಿದ್ದವು. ಈ ಜನರಿಗೆ ಇಪ್ಪತ್ತು ಚಿಲ್ಲರೆ ವರ್ಷ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದು ವರದಿ. ಹಾಗಾದರೆ ವರದಿಯನ್ನೇ ಕೇಳೋಣ ಅನಿಸಿತು. ರೆಕಾರ್ಡರ್ ಒತ್ತಿ, "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಅದನ್ನಷ್ಟೇ ಹೇಳಿ," ಎಂದೆ.

"ನಾಕೂವರಿಗೆ ಎದ್ನ್ರಿ," ಎಂದು ಅವರು ಶುರು ಮಾಡಿದರು. "ದಾಡಿ ಮಾಡ್ಕೊಂಡೆ. ಬೂಟ್ ಹಾಕ್ಕೊಂಡೆ. ಅಂಗಳಕ್ಕ ಬಂದು ನಿಂತೆ."

"ಆಮೇಲೆ?"

"ಆಮ್ಯಾಲ…" ಅವರು ಅಂಗಳದ ಕಡೆ ನೋಡಿದರು. "ಆಮ್ಯಾಲ ಏನಿಲ್ರಿ. ನಿಂತೆ."

ರೆಕಾರ್ಡರಿನ ಅಂಕಿಗಳು ಓಡುತ್ತಿದ್ದವು.

"ಆಕಿ ಎಮ್ಮಿ ಹಿಂಡಾಕ ಹೊಂಟಿದ್ಲು. ನಾ ಹಿಂಡ್ಲೇನ ಅಂದೆ. ಬ್ಯಾಡ್ರಿ, ನಿಮಗ ತೊರಿ ಬಿಡೂದಿಲ್ಲ ಅಂದ್ಲು. ಖರೇ ಐತಿ, ನನಗ ಎಮ್ಮಿ ಹಾಲ ಕೊಡೂದಿಲ್ಲ. ಹ್ವಾದ ವಾರ ಅಡಗಿ ಮನ್ಯಾಗ ಡಬ್ಬಿ ಎಲ್ಲಾ ಲೈನ್ ಹಚ್ಚಿ ಇಟ್ಟೆ. ಎರಡ ದಿನಕ್ಕ ಮತ್ತ ತಮ್ಮ ಜಾಗಾಕ್ಕ ಹೋದ್ವು. ಯಾರೂ ಏನೂ ಅನ್ಲಿಲ್ರಿ." ಅವರು ನಕ್ಕರು, ನಗು ಅರ್ಧಕ್ಕೇ ನಿಂತಿತು. "ಸೂಟಿ ಸಿಕ್ಕು ಮನಿಗೆ ಬಂದಾಗ ಎಷ್ಟ ಸಡಗರ ಇರ್ತಿತ್ತ್ರಿ. ಆಜುಬಾಜು ಮಂದಿ ಬರ್ತಿದ್ರು, ಕೋಳಿ ಮಾಡ್ತಿದ್ಲು. ಎರಡ ತಿಂಗಳಿಗೆ ಹೊಂಡ್ತಿದ್ದೆ. ಈಗ ಸೂಟಿ ಮುಗೀವಲ್ದು ನೋಡ್ರಿ."

ಆ ದಿನ ಅವರು ಒಂದೂವರೆ ತಾಸು ಮಾತನಾಡಿದರು. ಹೆಂಡತಿ ಪಕ್ಕದ ಮನೆಯವರಿಗೆ "ಇವ್ರ ಮನ್ಯಾಗ ಇದ್ರ ಕೆಲಸ ಎರಡ ಪಟ್ಟ ಆಗ್ತೈತವ್ವಾ" ಅಂದದ್ದು ಅವರ ಕಿವಿಗೆ ಬಿದ್ದಿತ್ತಂತೆ. ನಗುತ್ತ ಅಂದದ್ದು, ಸಿಟ್ಟಿನಿಂದಲ್ಲ ಎಂದು ಅವರೇ ಹೇಳಿದರು. ಆದರೆ ಅದೇ ವಾರ ಅವರು ಒಂದು ಅರ್ಜಿ ತಂದಿದ್ದರು. ನಿವೃತ್ತರನ್ನು ಮತ್ತೆ ಸೇರಿಸಿಕೊಂಡು ಸೇನೆಯ ಗೋದಾಮು, ಕಾರ್ಖಾನೆಗಳ ಕಾವಲಿಗೆ ಹಾಕುವ ದಳವೊಂದಿದೆ. ಅದಕ್ಕೆ ಅರ್ಜಿ. ಆಯ್ಕೆಯಾದರೆ ಮತ್ತೆ ಹತ್ತು ವರ್ಷ, ದೇಶದ ಯಾವ ಮೂಲೆಯಾದರೂ ಸರಿ.

"ಆಕಿ ಮನಿ ಆಕಿ ಕಟ್ಟ್ಯಾಳ್ರಿ. ನಾ ಇದ್ರ ಆಕಿಗೆ ಅಡಚಣಿ," ಎಂದರು. "ಹೇಳಿಲ್ಲ ಇನ್ನ. ಹೊಂಡೂ ಮುಂದ ಹೇಳಿದ್ರಾತು."

ಅಂದು ನಾನು ಹೊರಡುವಾಗ ಹೆಂಡತಿ ಗೇಟಿನ ತನಕ ಬಂದರು. ನಲವತ್ತರ ಹತ್ತಿರದ, ಗಟ್ಟಿ ಮೈಕಟ್ಟಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. "ಅವ್ರನ್ನ ಅಷ್ಟ ಕೇಳ್ತೀರೇನ್ರಿ ಅಕ್ಕಾರ?" ಎಂದರು. "ಬಂದಾವ್ರು ಅವ್ರು. ಬರ್ಲಿ ಅಂತ ಕುಂತಾಕಿ ನಾನು."

ಆ ಮಾತನ್ನೇ ಬರೆದು ಮಾರ್ಗದರ್ಶಕರಿಗೆ ಕಳಿಸಿದೆ. ಹೆಂಡತಿಯರನ್ನು ಬಿಟ್ಟು ಮರಳುವಿಕೆಯನ್ನು ಅಧ್ಯಯನ ಮಾಡುವುದು ಅರ್ಧ ಕೆಲಸ ಎಂದು ವಾದಿಸಿದೆ. ಅವರು ಒಪ್ಪಿದರು, ಆದರೆ ವಿಧಾನದಲ್ಲಿ ಬದಲಾವಣೆ ಅಂದರೆ ನೀತಿ ಸಮಿತಿಯ ಅನುಮತಿ ಬೇಕು. ಎರಡು ತಿಂಗಳು ಹಿಡಿಯಿತು. ಸಮಿತಿ ಒಂದು ಅಪಾಯವನ್ನು ಎತ್ತಿ ತೋರಿಸಿತು: ಒಂದೇ ಮನೆಯ ಇಬ್ಬರ ಗುಟ್ಟು ಒಬ್ಬ ಸಂಶೋಧಕಿಯ ಕೈಯಲ್ಲಿರುತ್ತದೆ. ಅದಕ್ಕೆ ಪರಿಹಾರವಾಗಿ ಹೊಸ ಕಲಂ ಸೇರಿಸಲು ಹೇಳಿತು. ಅದನ್ನು ಬರೆದವಳು ನಾನೇ: ಒಬ್ಬರು ಹೇಳಿದ್ದನ್ನು ಸಂಶೋಧಕರು ಯಾವ ಸಂದರ್ಭದಲ್ಲೂ ಇನ್ನೊಬ್ಬರಿಗೆ ತಿಳಿಸತಕ್ಕದ್ದಲ್ಲ. ಬರೆಯುವಾಗ ಅದು ಬಹಳ ಸರಳವಾದ ವಾಕ್ಯವಾಗಿತ್ತು.

ಅನುಮತಿ ಬಂದ ವಾರವೇ ಖಾನಾಪುರಕ್ಕೆ ಹೋದೆ. ಹವಾಲ್ದಾರರು ಯಾವುದೋ ಕಾಗದಪತ್ರದ ಕೆಲಸಕ್ಕೆ ಬೆಳಗಾವಿಗೆ ಹೋಗಿದ್ದರು. ಹೆಂಡತಿಗೆ ಡೇರಿಗೆ ಹಾಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. "ಲಗೂ ಮುಗಸ್ರಿ" ಎಂದರು. ಒಪ್ಪಿಗೆ ಪತ್ರವನ್ನು ನಾನು ಸರಸರ ಓದಿದೆ. ನಡುವಿನ ಎರಡು ಮೂರು ಕಲಂಗಳನ್ನು ಓದದೆ ದಾಟಿಸಿದೆ. ಅವರು ಸಹಿ ಹಾಕಿದರು. ಅಡುಗೆಮನೆಯ ಹೊಸಿಲ ಮೇಲೆ ರೆಕಾರ್ಡರ್ ಇಟ್ಟೆವು. ನಲವತ್ತೆಂಟು ನಿಮಿಷ ಮಾತನಾಡಿದರು, ಅದರಲ್ಲಿ ಒಂದಿಷ್ಟು ಹೊತ್ತು ಕುಕ್ಕರಿನದು.

ಅದನ್ನು ನಾನು ನಿಜವಾಗಿ ಕೇಳಿಸಿಕೊಂಡದ್ದು ಎರಡು ದಿನದ ಮೇಲೆ, ವಡಗಾವಿಯ ಕೋಣೆಯಲ್ಲಿ. ಎದುರಿಗೆ ಕೂತು ಕೇಳುವಾಗ ಮುಂದಿನ ಪ್ರಶ್ನೆಯ ಯೋಚನೆ ಇರುತ್ತದೆ. ಅಕ್ಷರಕ್ಕಿಳಿಸುವಾಗ ಮಾತ್ರ ಪ್ರತಿ ಉಸಿರೂ ಕೈಯಿಂದ ಹಾದುಹೋಗುತ್ತದೆ.

"ಫೋನ್ ಬರೂ ದಿನ ನಾ ಮೊದ್ಲ ವಿಚಾರ ಮಾಡಿ ಇಟ್ಕೊಂತಿದ್ನ್ರಿ, ಏನ ಹೇಳೂದು ಏನ ಬಿಡೂದು ಅಂತ. ಎಮ್ಮಿ ಸತ್ತ್ರ ಹೇಳ್ತಿರಲಿಲ್ಲ. ಹುಡುಗಿಗೆ ಡೆಂಗ್ಯೂ ಆಗಿ ಎಂಟ ದಿನ ದವಾಖಾನ್ಯಾಗ ಇದ್ದೆ, ಅದನ್ನೂ ಹೇಳ್ಲಿಲ್ರಿ. ಅಲ್ಲಿ ಕುಂತು ಅವ್ರು ಏನ ಮಾಡಾವ್ರು? ಎಲ್ಲಾ ಆರಾಮ ಐತಿ, ಎಲ್ಲಾ ಆರಾಮ ಐತಿ. ಈಗ ಎದುರಿಗೆ ಬಂದ ಕುಂತಾರ. ಬ್ಯಾರೆ ಮಾತ ನನಗ ಬರವಲ್ದು."

ಮತ್ತೆ, ಡಬ್ಬಿಗಳ ಬಗ್ಗೆ: "ಲೈನ್ ಹಚ್ಚಿ ಇಡ್ತಾರ. ನಾ ಬೇಕಂತ ಮತ್ತ ತಗದ ಇಡ್ತೇನ್ರಿ. ಸಿಟ್ಟಿಗೇಳ್ಲಿ, ಯಾಕ ತಗದಿ ಅಂತ ಒಂದ ಸಲಾ ಒದರ್ಲಿ ಅಂತ. ಒದರೂದಿಲ್ಲ. ಬಂದ ಬೀಗರಂಗ ಸುಮ್ಕ ಇರ್ತಾರ."

ಮೂವತ್ತೊಂದನೆಯ ನಿಮಿಷ: "ಟ್ರಂಕಿನ ತಳದಾಗ ಒಂದ ಅರ್ಜಿ ನೋಡಿದ್ನ್ರಿ. ನನಗ ಓದಾಕ ಬರೂದಿಲ್ಲ, ಇಂಗ್ಲೀಷ ಐತಿ. ಆದ್ರ ಹೊಸಾ ಫೋಟೋ ಹಚ್ಯಾರ. ಮೀಸಿ ಕತ್ತರಿಸಿ ತಗಸಿದ ಫೋಟೋ. ಗೊತ್ತಾತ್ರಿ ನನಗ. ಮನಿ ಸೇರವಲ್ದು ಅವ್ರಿಗೆ." ಇಲ್ಲಿ ಪಾತ್ರೆಯ ಸದ್ದು. ಆಮೇಲೆ, "ಅವ್ರನ್ನ ಕೇಳೀರೇನು ಅಂತೀರಿ. ಹೋಗಬ್ಯಾಡ್ರಿ ಅನ್ನೂದು ನನಗ ರೂಢಿ ಇಲ್ರಿ ಅಕ್ಕಾರ. ಇಷ್ಟ ವರ್ಷ ಹೋಗಿ ಬರ್ರಿ, ಹೋಗಿ ಬರ್ರಿ ಅಂದಾಕಿ."

ಕೆಳಗೆ ಕರೆಂಟು ಬಂದು ಮಗ್ಗ ಶುರುವಾಯಿತು. ನಾನು ಇಯರ್‌ಫೋನ್ ತೆಗೆಯದೆ ಹಾಗೇ ಕೂತಿದ್ದೆ. ಅವನು ಹೊರಟಿರುವುದು ಅವಳಿಗೆ ತಾನು ಬೇಡ ಎಂದು. ಅವಳು ತಡೆಯದಿರುವುದು ಅವನಿಗೆ ಮನೆ ಬೇಡ ಎಂದು. ಇಬ್ಬರೂ ಒಂದೇ ಸೂರಿನಡಿ ಇದ್ದರು. ಇಬ್ಬರ ಮಾತೂ ಗೊತ್ತಿದ್ದ ಒಬ್ಬಳೇ ಒಬ್ಬಳು ನಾನು, ಹೇಳುವಂತಿರಲಿಲ್ಲ. ಹವಾಲ್ದಾರರಿಗೆ ಆ ಕಾವಲು ದಳದ ಆಯ್ಕೆಗೆ ಕರೆ ಬಂದಿತ್ತು. ಮುಂದಿನ ಸೋಮವಾರ ಕೇರಳದಲ್ಲಿ ಹಾಜರಾಗಬೇಕು ಎಂದು ಅವರೇ ಹಿಂದಿನ ವಾರ ಫೋನಿನಲ್ಲಿ ಹೇಳಿದ್ದರು. ಅಂದು ಬುಧವಾರ.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಸಂಖ್ಯೆಗಳಲ್ಲೇ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ, ಬಹಳ ವರ್ಷ ಇದೇ ಕೆಲಸ ಮಾಡಿದವರು.

"ನಿಮಗೆ ಸಂಕಟ ಆಗ್ತಿದೆ, ಅದು ಸಹಜ," ಎಂದರು. "ಆದರೆ ಇವತ್ತು ಒಳ್ಳೇದಕ್ಕೇ ಅಂತ ಒಂದು ಮಾತು ದಾಟಿಸಿದಿರಿ ಅಂದುಕೊಳ್ಳಿ. ನಾಳೆ ಇನ್ನೊಂದು ಮನೆಯಲ್ಲಿ ಒಬ್ಬ ಹೆಂಗಸು ಗಂಡನ ಹೊಡೆತದ ಬಗ್ಗೆ ನಿಮ್ಮ ಹತ್ತಿರ ಹೇಳಿರ್ತಾಳೆ. ಅವಳು ಯಾವ ಧೈರ್ಯದ ಮೇಲೆ ನಿಮ್ಮನ್ನ ನಂಬಬೇಕು? ಆ ಕಲಂ ಇರೋದು ಅವಳಿಗೋಸ್ಕರ."

"ಸರ್, ಏನೂ ಮಾಡೋ ಹಾಗಿಲ್ವಾ?"

"ಮಾಡಿದರೆ ಆ ಇಬ್ಬರೂ ಅಧ್ಯಯನದಿಂದ ಹೊರಗೆ. ನೀವು ಕೈ ಹಾಕಿದ ಮೇಲೆ ಅದು ಅವರ ಬದುಕಿನ ದಾಖಲೆ ಅಲ್ಲ, ನೀವು ಮಾಡಿಸಿದ್ದು. ನಿಮ್ಮ ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಅವರ ಮೇಲೇ ನಿಂತಿದೆ. ಯೋಚನೆ ಮಾಡಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಒಂಟಿಯಾಗಿಸಿತು. ಜಗಳವಾಡಲಾದರೂ ಯಾರಾದರೂ ಬೇಕಿತ್ತು.

ಮರುದಿನ ಕೆಲಸಕ್ಕೆ ಕೂರಲಾಗಲಿಲ್ಲ. ಸಿಟಿ ಬಸ್ಸು ಹತ್ತಿ ಕೋಟೆಗೆ ಹೋದೆ. ಅಲ್ಲಿನ ಜೈನ ಬಸದಿಯ ಹೊರಗಿನ ಹುಲ್ಲಿನ ಮೇಲೆ ಕೂತು ಚೀಲದಿಂದ ಒಪ್ಪಿಗೆ ಪತ್ರ ತೆಗೆದೆ. ನಾನು ಬರೆದ ಆ ಹೊಸ ಕಲಂನಲ್ಲಿ ಏನಾದರೂ ಸಂದು ಇದೆಯೇ ಎಂದು ಹುಡುಕುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಇರಲಿಲ್ಲ, ಚೆನ್ನಾಗಿಯೇ ಬರೆದಿದ್ದೆ. ಆದರೆ ಹಾಗೆ ಮೇಲಿನಿಂದ ಕೆಳಕ್ಕೆ ಓದುವಾಗ ಏಳನೆಯ ಕಲಂ ಕಣ್ಣಿಗೆ ಬಿತ್ತು. "ತಮ್ಮ ಧ್ವನಿಮುದ್ರಣದ ಪ್ರತಿಯನ್ನು ಪಡೆಯುವ ಹಕ್ಕು ಭಾಗವಹಿಸುವವರಿಗಿದೆ. ಅದನ್ನು ತಮಗೆ ಬೇಕಾದವರಿಗೆ ಕೇಳಿಸಲು ಅವರು ಸ್ವತಂತ್ರರು."

ಅಂದು ಹಾಲಿನ ಹೊತ್ತಿನ ಗಡಿಬಿಡಿಯಲ್ಲಿ ನಾನು ಓದದೆ ದಾಟಿಸಿದ ಕಲಂಗಳಲ್ಲಿ ಇದೂ ಒಂದು. ಗಂಡನಿಗೆ ಓದಿ ಹೇಳಿದ್ದೆ. ಅವಳಿಗೆ ಹೇಳಿರಲಿಲ್ಲ. ಅದು ನನ್ನ ತಪ್ಪು, ತಿದ್ದಲೇಬೇಕಾದ ತಪ್ಪು.

ಇಲ್ಲಿ ನಾನು ಪ್ರಾಮಾಣಿಕಳಾಗಿರಬೇಕು. ಆತುರದಲ್ಲಿ ನಾನು ಕಲಂ ಬಿಟ್ಟು ಓದಿದ್ದು ಅವಳೊಬ್ಬಳ ಮನೆಯಲ್ಲಿ ಮಾತ್ರವಲ್ಲ. ತಿದ್ದಲು ಹೊರಟಿದ್ದು ಮಾತ್ರ ಅವಳೊಬ್ಬಳ ಮನೆಗೆ. ನಿಯಮ ಪಾಲಿಸುತ್ತಿದ್ದೇನೆ ಎಂದು ಹೇಳಿಕೊಳ್ಳುವಾಗಲೇ ಅದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು. ನಾಲ್ಕನೆಯ ಅಧ್ಯಾಯ ಹೋಗುತ್ತದೆ ಎಂದೂ ಗೊತ್ತಿತ್ತು. ಆ ಸಂಜೆ ಖಾನಾವಳಿಯಲ್ಲಿ ಕೂರದೆ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಕೋಣೆಗೆ ಬಂದೆ. ಯಾರನ್ನಾದರೂ ಕೇಳಬೇಕು ಅನಿಸಿತು, ಕೇಳಲು ಯಾರೂ ಇರಲಿಲ್ಲ, ಹಾಗಾಗಿ ತೀರ್ಮಾನ ಬೇಗ ಆಯಿತು.

ಶನಿವಾರ ಮಧ್ಯಾಹ್ನ ಖಾನಾಪುರ ತಲುಪಿದೆ. ಹವಾಲ್ದಾರರು ಹಿತ್ತಲಿನಲ್ಲಿ ಕೊಟ್ಟಿಗೆಯ ಬಾಗಿಲಿಗೆ ಹೊಸ ಬಿಜಾಗರಿ ಹಾಕುತ್ತಿದ್ದರು. ಹೊರಡುವ ಮುನ್ನ ಮುಗಿಸುವ ಕೆಲಸದ ಹಾಗೆ ಕಂಡಿತು. ಹೆಂಡತಿ ಒಳಗೆ ಹಾಲಿನ ಕ್ಯಾನು ತೊಳೆಯುತ್ತಿದ್ದರು.

"ಅವತ್ತು ಒಂದು ಕಲಂ ಓದಿ ಹೇಳೋದು ಬಿಟ್ಟಿದ್ದೆ. ಅದಕ್ಕೆ ಬಂದೆ," ಎಂದೆ. ಓದಿ ಹೇಳಿದೆ. ಸುಲಭದ ಮಾತಿನಲ್ಲಿ ಇನ್ನೊಮ್ಮೆ ಹೇಳಿದೆ.

ಅವರು ಕ್ಯಾನು ಕೆಳಗಿಟ್ಟರು. "ನಾ ಮಾತಾಡಿದ್ದು ನನಗ ಕೊಡ್ತೀರಿ?"

"ಹೌದು."

"ನಾ ಯಾರಿಗೆ ಬೇಕಾದ್ರೂ ಕೇಳಸ್ಬಹುದು?"

"ಯಾರಿಗೆ ಬೇಕಾದರೂ. ಯಾರಿಗೂ ಕೇಳಿಸದೆಯೂ ಇರಬಹುದು."

ಅವರು ನನ್ನ ಮುಖವನ್ನೇ ನೋಡಿದರು. "ಅವ್ರು ನಿಮ್ಮ ಮುಂದ ಏನ ಹೇಳ್ಯಾರ್ರಿ ಅಕ್ಕಾರ?"

"ಅದನ್ನು ನಾನು ಹೇಳುವ ಹಾಗಿಲ್ಲ."

"ಕೇಳಸ್ಲೋ ಬ್ಯಾಡೋ, ಅದನ್ನರ ಹೇಳ್ರಿ."

"ಅದನ್ನೂ ಹೇಳುವ ಹಾಗಿಲ್ಲ."

"ಇಷ್ಟ ಹೇಳಾಕ ಬೆಳಗಾಂವಿಂದ ಬಂದೀರಿ," ಎಂದರು ಮೆಲ್ಲಗೆ. ಪ್ರಶ್ನೆಯಾಗಿರಲಿಲ್ಲ. ಕೈ ಒರೆಸಿಕೊಂಡು ಮೂಲೆಯ ಮಾಡದಿಂದ ತಮ್ಮ ಫೋನ್ ತಂದು ಕೊಟ್ಟರು. ನಾನು ಪ್ರತಿ ಹಾಕಿಕೊಟ್ಟು, ಪಡೆದದ್ದಕ್ಕೆ ಸಹಿ ತೆಗೆದುಕೊಂಡೆ. ಹೊರಗೆ ಸುತ್ತಿಗೆಯ ಸದ್ದು ಬರುತ್ತಿತ್ತು. ಆಮೇಲೆ ಕ್ಯಾನು ಒಂದು ಕೈಯಲ್ಲಿ, ಫೋನು ಒಂದು ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋದರು.

"ಇದನ್ನ ಕೇಳ್ರಿ," ಎಂದದ್ದು ಕೇಳಿಸಿತು. "ಪೂರಾ ಕೇಳ್ರಿ. ನಾ ಹಾಲ ಹಾಕಿ ಬರ್ತೇನಿ."

ಡೇರಿಗೆ ಹಾಲು ಹಾಕುವ ಹೊತ್ತಿಗೆ ಇನ್ನೂ ಒಂದು ತಾಸು ಇತ್ತು. ಕ್ಯಾನು ಖಾಲಿ ಇತ್ತು. ಆದರೂ ಹೋದರು.

ಹವಾಲ್ದಾರರು ಫೋನ್ ಹಿಡಿದು ನನ್ನ ಕಡೆ ಬಂದರು. "ಏನೈತ್ರಿ ಮೇಡಮ್ ಇದ್ರಾಗ?"

"ಅವರದು. ಅವರೇ ಕೊಟ್ಟಿದ್ದಾರೆ."

ಅವರು ಇಯರ್‌ಫೋನ್ ಹುಡುಕಿ ತಂದು, ಹಿತ್ತಲಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತರು. ನಾನು ನಡುಮನೆಯಲ್ಲಿ ಕೂತೆ. ಎದ್ದು ಹೋಗಬೇಕಿತ್ತೇನೋ, ಹೋಗಲಿಲ್ಲ.

ಆ ನಲವತ್ತೆಂಟು ನಿಮಿಷ ನನಗೆ ಬಾಯಿಪಾಠವಾಗಿತ್ತು. ಗೋಡೆಯ ಗಡಿಯಾರ ನೋಡುತ್ತ, ಆ ಬೆನ್ನು ನೋಡುತ್ತ, ಈಗ ಎಲ್ಲಿಗೆ ಬಂದಿರಬೇಕು ಎಂದು ನನಗೆ ತಿಳಿಯುತ್ತಿತ್ತು. ಎಂಟನೆಯ ನಿಮಿಷ, ಫೋನಿನ ಮಾತು. ಅವರ ತಲೆ ಸ್ವಲ್ಪ ಬಾಗಿತು, ಸ್ವರ ಕಿವಿಯೊಳಗೆ ಚೆನ್ನಾಗಿ ಇಳಿಯಲೆಂಬಂತೆ ಒಂದು ಕೈ ಕಿವಿಗೆ ಹೋಯಿತು. ಎಷ್ಟೋ ವರ್ಷ ಯಾವುದೋ ಬಂಕರಿನಲ್ಲಿ, ಬ್ಯಾರಕಿನ ಮೂಲೆಯಲ್ಲಿ ಅವರು ಈ ಸ್ವರವನ್ನು ಹೀಗೆಯೇ ಕೇಳಿರಬೇಕು ಎಂದು ಆಗ ನನಗೆ ಹೊಳೆಯಿತು. ಅವರಿಗೆ ಹೆಂಡತಿ ಹೆಚ್ಚು ಪರಿಚಯವಿದ್ದದ್ದು ಇದೇ ದಾರಿಯಲ್ಲಿ. ಒಂಬತ್ತನೆಯ ನಿಮಿಷಕ್ಕೆ ಮಗಳ ಡೆಂಗ್ಯೂ. ಅವರು ಫೋನ್ ನಿಲ್ಲಿಸಿ, ಹಿಂದಕ್ಕೆ ಎಳೆದು, ಅದನ್ನು ಮತ್ತೊಮ್ಮೆ ಕೇಳಿದರು. ಡಬ್ಬಿಗಳ ಹತ್ತಿರ ಬಂದಾಗ ಭುಜ ಅಲುಗಿತು. ನಕ್ಕರೋ ಏನೋ ಗೊತ್ತಾಗಲಿಲ್ಲ. ಫೋಟೋದ ಮಾತಿಗೆ ಅವರು ಅಲುಗಲೇ ಇಲ್ಲ.

ಮುಗಿದ ಮೇಲೂ ಇಯರ್‌ಫೋನ್ ಕಿವಿಯಲ್ಲೇ ಇತ್ತು. ಅಷ್ಟರಲ್ಲಿ ಹೆಂಡತಿ ಹೊರಗಿನಿಂದ ಬಂದು, ಮನೆಯೊಳಗೆ ಬಾರದೆ ಅಂಗಳದ ನಲ್ಲಿಯ ಹತ್ತಿರ ಕೂತು, ತೊಳೆದ ಕ್ಯಾನನ್ನೇ ಮತ್ತೆ ತೊಳೆಯಲು ಶುರು ಮಾಡಿದರು. ನೀರು ಸುಮ್ಮನೆ ಹರಿಯುತ್ತಿತ್ತು.

ಹವಾಲ್ದಾರರು ಎದ್ದು ನಡುಮನೆಗೆ ಬಂದರು. ಕಣ್ಣು ಕೆಂಪಾಗಿತ್ತು. ಮಾತು ಮಾತ್ರ ಎಂದಿನ ವರದಿಯ ಮಾತೇ.

"ನಂದೂ ಐತಲ್ರಿ ನಿಮ್ಮ ಕಡೆ. ಅದನ್ನ ಆಕಿಗೆ ಕೇಳಸಾಕ ಬರ್ತೈತೇನ್ರಿ?"

"ನಿಮ್ಮ ಪ್ರತಿ ನಿಮ್ಮದು. ಬೇಕೆಂದರೆ ಈಗಲೇ ಹಾಕಿಕೊಡ್ತೀನಿ. ಇಲ್ಲಿ ಒಂದು ಸಹಿ."

ನಾನು ಹಾಳೆ ತೆಗೆದೆ, ಪೆನ್ನು ಕೊಟ್ಟೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲೆ ಬಾಗಿದರು. ಬಾಗಿದವರು ಹಾಗೇ ನಿಂತರು. ಹೊರಗೆ ನಲ್ಲಿಯ ಸದ್ದು. ಪೆನ್ನಿಗೆ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟರು.

"ಬ್ಯಾಡ್ರಿ," ಎಂದರು. "ನಾನ ಹೇಳ್ತೇನಿ."

ಅವರು ಅಂಗಳಕ್ಕಿಳಿದು ನಲ್ಲಿಯ ಕಡೆ ನಡೆದರು. ನಾನು ಚೀಲ ತೆಗೆದುಕೊಂಡು ಬದಿಯ ಗೇಟಿನಿಂದ ಹೊರಬಿದ್ದೆ. ಹಿಂದೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ನಲ್ಲಿ ನಿಂತ ಸದ್ದು ಮಾತ್ರ ಕೇಳಿಸಿತು.

ಸೋಮವಾರ ಬಂತು, ಹೋಯಿತು. ಆ ದಿನವೇ ನಾನು ಮಾರ್ಗದರ್ಶಕರಿಗೆ ನಡೆದದ್ದನ್ನೆಲ್ಲ ಬರೆದು ತಿಳಿಸಿದೆ. ಅವರು ಬೈಯಲಿಲ್ಲ. "ಕಲಂ ಏಳು ಸರಿ. ನಿಮ್ಮ ಉದ್ದೇಶ ಬೇರೆ ಇತ್ತು, ಅದು ನಿಮಗೂ ಗೊತ್ತು," ಎಂದಷ್ಟೇ ಉತ್ತರ ಬರೆದರು. ಎರಡೂ ಸಂದರ್ಶನಗಳು ಅಧ್ಯಯನದಿಂದ ಹೊರಬಿದ್ದವು. ನಾಲ್ಕನೆಯ ಅಧ್ಯಾಯವನ್ನು ಬೇರೆ ಜನರನ್ನು ಹುಡುಕಿ ಹೊಸದಾಗಿ ಬರೆಯಬೇಕಾಯಿತು. ನನ್ನ ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಹೊರಗೆ ಬಿದ್ದವರನ್ನು ಸಂಶೋಧಕರು ಮತ್ತೆ ಸಂಪರ್ಕಿಸುವಂತಿಲ್ಲ, ಮುಕ್ತಾಯದ ಪತ್ರವೊಂದನ್ನು ಬಿಟ್ಟು. ಹಾಗಾಗಿ ಅವರು ಕೇರಳದ ರೈಲು ಹತ್ತಿದರೋ ಇಲ್ಲವೋ ಕೇಳುವ ದಾರಿ ನನಗಿರಲಿಲ್ಲ. ಆಮೇಲೆ ಖಾನಾಪುರಕ್ಕೆ ಬೇರೆ ಸಂದರ್ಶನಗಳಿಗೆ ಹೋದಾಗ ಆ ರಸ್ತೆಯನ್ನು ಬಿಟ್ಟು ಸುತ್ತಿ ನಡೆಯುತ್ತಿದ್ದೆ.

ಮುಕ್ತಾಯದ ಪತ್ರವನ್ನು ಆ ವಾರವೇ ಇಬ್ಬರಿಗೂ ಬೇರೆ ಬೇರೆ ಲಕೋಟೆಯಲ್ಲಿ ಅಂಚೆಗೆ ಹಾಕಿದ್ದೆ. ನಿಮ್ಮ ಧ್ವನಿಮುದ್ರಣಗಳನ್ನು ಅಳಿಸಲಾಗುವುದು, ಈ ಸ್ವೀಕೃತಿ ಚೀಟಿಗೆ ಸಹಿ ಮಾಡಿ ಕಳಿಸಿ ಎಂದು. ಕೆಳಗೆ ಒಂದು ಪ್ರಶ್ನೆಯನ್ನೂ ಮಾರ್ಗದರ್ಶಕರ ಅನುಮತಿ ಪಡೆದು ಸೇರಿಸಿದ್ದೆ: ಹೆಸರು ಹಾಕದೆ, ಗುರುತು ಮರೆಸಿ, ಈ ಸಂಗತಿಯನ್ನು ನಾನು ಎಂದಾದರೂ ಬರೆಯಬಹುದೇ?

ಮೂರು ವಾರಕ್ಕೆ ಉತ್ತರ ಬಂತು. ಎರಡೂ ಚೀಟಿಗಳು ಒಂದೇ ಲಕೋಟೆಯಲ್ಲಿದ್ದವು. ಹೆಂಡತಿಯದರಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಹಾಕಿದ ಕನ್ನಡದ ಸಹಿ, ಪ್ರಶ್ನೆಯ ಎದುರು "ಬರೀರಿ." ಗಂಡನದರಲ್ಲೂ ಒಪ್ಪಿಗೆ ಇತ್ತು. ದಿನಾಂಕ ನೋಡಿದೆ, ಆ ಸೋಮವಾರ ಕಳೆದು ಹದಿನೆಂಟು ದಿನ. ಉಳಿದವರೆಲ್ಲ ಇಂಥ ಚೀಟಿಯಲ್ಲಿ "ಸ್ಥಳ" ಎಂಬುದರ ಎದುರು ಊರು, ಅಂಚೆ, ತಾಲ್ಲೂಕು ಎಲ್ಲವನ್ನೂ ತುಂಬುತ್ತಾರೆ. ಅವರು ಒತ್ತಿ ಬರೆದ ನೇರ ಅಕ್ಷರಗಳಲ್ಲಿ ಒಂದೇ ಪದ ಬರೆದಿದ್ದರು: "ಮನಿ."

ಅದನ್ನು ಯಾರಿಗಾದರೂ ತೋರಿಸಬೇಕು ಅನಿಸಿತು. ತೋರಿಸುವಂತಿರಲಿಲ್ಲ. ಚೀಟಿಗಳನ್ನು ಕಡತಕ್ಕೆ ಸೇರಿಸಿ, ಕಂಪ್ಯೂಟರ್ ತೆರೆದು, ಅವರಿಬ್ಬರ ಸ್ವರವನ್ನೂ ಒಂದೊಂದಾಗಿ ಅಳಿಸಿದೆ.